ಕುಷ್ಟಗಿಯ ವೇಳಾಪಟ್ಟಿ, ನವಲಿಯ ನಾಟಿ

ಹುಲಿಗೆಮ್ಮಕ್ಕಾ, ಅವತ್ತು ಸಭೆಯಲ್ಲಿ ನಾನು ಹೇಳಿದ್ದು ಹಸಿ ಸುಳ್ಳು. ನೀವು ಎಚ್ಚರಿಸಿದ್ದಿರಿ — ಅದೂ ಎರಡು ಸಲ. ಐದಾರು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕುಷ್ಟಗಿಯ ಹೊಲಿಗೆ ಕೇಂದ್ರ ನನ್ನ ಕೈಯಲ್ಲಿ ಚೆನ್ನಾಗಿ ನಡೆದಿತ್ತು. ಹತ್ತಕ್ಕೆ ಹಾಜರಿ, ದಿನಕ್ಕೆ ಇಷ್ಟು ಅಂಗಿ, ಶನಿವಾರ ವರದಿ. ಅಲ್ಲಿನವರು ಪೇಟೆಯ ಹೆಣ್ಣುಮಕ್ಕಳು, ವರ್ಷವಿಡೀ ತಪ್ಪದೆ ಬರುತ್ತಿದ್ದರು. ಸಂಸ್ಥೆಯವರು ಬೆನ್ನು ತಟ್ಟಿದರು, ಆ ಹೊಗಳಿಕೆ ನನ್ನ ನೆತ್ತಿಗೇರಿತು. ನವಲಿಯಲ್ಲಿ ಕೇಂದ್ರ ತೆರೆದು ನಿಮ್ಮನ್ನು ಮುಖ್ಯಸ್ಥೆ ಮಾಡಿದಾಗ ಅದೇ ವೇಳಾಪಟ್ಟಿಯನ್ನು ಒಂದಕ್ಷರ ಬದಲಿಸದೆ ಗೋಡೆಗೆ ಅಂಟಿಸಿದೆ. ಸ್ವಾತಂತ್ರ್ಯ ದಿನಕ್ಕೆ ಶಾಲಾ ಮಕ್ಕಳ ಸಮವಸ್ತ್ರ ಕೊಡಬೇಕಿತ್ತು.

ನೀವು ಓದಿ ನೋಡಿ ಹೇಳಿದಿರಿ: "ಸರ್, ಕಾಲುವಿಗೆ ನೀರು ಬಿಟ್ರ ಎಲ್ಲಾರೂ ನಾಟಿಗೆ ಹೋಗ್ತಾರ್ರಿ. ಆ ಮೂರು ವಾರ ಬಿಟ್ಟು ಹೊಂದಸ್ರಿ. ಈಗಿಂದನ ಜಾಸ್ತಿ ಹೊಲ್ದು ಮುಗಿಸಿ ಕೊಡ್ತೀವಿ."

ಕುಷ್ಟಗಿಯಲ್ಲಿ ಆದದ್ದು ಇಲ್ಲೇಕೆ ಆಗದು ಎಂದು ರೇಗಿದೆ. ನೀವು ಇನ್ನೊಮ್ಮೆ ಹೇಳಿದಾಗ ಶಿಸ್ತಿಲ್ಲದವರ ನೆಪ ಅಂದೆ — ಥೂ, ಎಂಥ ಮಾತು. ನೀರು ಬಂತು, ಯಂತ್ರಗಳು ಸುಮ್ಮನಾದವು. ಅರ್ಧ ಮಕ್ಕಳು ಹಳೆ ಅಂಗಿಯಲ್ಲೇ ಧ್ವಜದ ಮುಂದೆ ನಿಂತರು.

ಮೇಲಿನವರು ನವಲಿಯ ಹೆಣ್ಣುಮಕ್ಕಳನ್ನೆಲ್ಲ ಸೇರಿಸಿ ಸಭೆ ಕರೆದು, ಇದು ಮೊದಲೇ ಗೊತ್ತಿರಲಿಲ್ಲವೇ ಎಂದು ನನ್ನನ್ನು ಕೇಳಿದರು.

"ಯಾರೂ ಹೇಳಿರಲಿಲ್ಲ ಸರ್," ಎಂದೆ.

ನೀವು ಎದುರಿಗೇ ಇದ್ದಿರಿ. ನನ್ನ ಮುಖವನ್ನೇ ನೋಡಿದಿರಿ. ನಾನು ಕಾಗದ ತಿರುವುತ್ತ — ಏನು ಹೇಳಲಿ. ತಪ್ಪೆಲ್ಲ ನಿಮ್ಮ ತಲೆಗೆ ಬಂತು. "ಆತ್ರಿ" ಎಂದಷ್ಟೇ ಹೇಳಿ, ಕೇಂದ್ರದ ಕೀಲಿ ಮೇಜಿನ ಮೇಲಿಟ್ಟು ಹೊರಟಿರಿ. ಆಮೇಲೆ ಹೊಲಿಗೆಯನ್ನೇ ಬಿಟ್ಟಿರಿ ಎಂದು ಕೇಳಿದ್ದೇನೆ.

ಈಗ ಯಲಬುರ್ಗಾದಲ್ಲಿ ಹೊಸ ಕೇಂದ್ರ. ಶುರುವಿಗೆ ಮೊದಲು ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿದೆ — ಬಿತ್ತನೆ ಯಾವಾಗ, ಕಡಲೆ ಕೀಳುವುದು ಯಾವಾಗ, ಯಾವ ವಾರ ಬರಲಾಗದು. ಆಮೇಲೆ ದಿನ ಗೊತ್ತುಮಾಡಿದೆ. ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತಿದೆ. ಮೊನ್ನೆ ಕೊಪ್ಪಳದ ತರಬೇತಿಯಲ್ಲಿ ಇದು ನನ್ನ ಜಾಣತನವೆಂದು ಚಪ್ಪಾಳೆ ಹೊಡೆದರು, ನಾನು ನಾಚಿಕೆಯಿಲ್ಲದೆ ಕೈಮುಗಿದೆ. ಅದು ನಿಮ್ಮ ಮಾತು, ಅಕ್ಕಾ. ನಾನು ಕದ್ದದ್ದು.

ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದು ಕಳಿಸಿದ್ದೇನೆ. ಕೆಲಸ ಹೋದರೆ ಹೋಗಲಿ. ಸೋಮವಾರ ನವಲಿಗೆ ಬರುತ್ತೇನೆ. ಎಲ್ಲರೆದುರು ಹೇಳಿದ ಸುಳ್ಳು ಅದು — ನಿಮ್ಮೊಬ್ಬರ ಬಳಿ ತಪ್ಪಾಯಿತು ಅಂದರೆ ತೀರುವುದಿಲ್ಲ. ಅದೇ ಹೆಣ್ಣುಮಕ್ಕಳನ್ನು ಸೇರಿಸಿ ಹೇಳುತ್ತೇನೆ: ಹುಲಿಗೆಮ್ಮ ಹೇಳಿದ್ದರು, ನಾನು ಕೇಳಲಿಲ್ಲ. ನೀವು ಬರದೆ ಹೋದರೂ ಹೇಳುತ್ತೇನೆ.