ಬಾವಿಯ ಸ್ಟಾರ್ಟರು ಗಾಣಕ್ಕೆ ಬಂದ ವರ್ಷ

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪಾಂಡವಪುರದಲ್ಲಿ ಒಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದೆ. ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಡುವುದು ನನ್ನ ಕೆಲಸ. ಪ್ಯಾನೆಲ್ ಎಂದರೆ ಗಾಬರಿಯಾಗಬೇಕಾದ್ದೇನೂ ಇಲ್ಲ. ಒಂದು ತಗಡಿನ ಪೆಟ್ಟಿಗೆ, ಬಾಗಿಲ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ, ಒಳಗೆ ಮೋಟರಿಗೆ ಕರೆಂಟು ಕೊಡುವ ಮತ್ತು ಕೊಟ್ಟದ್ದನ್ನು ಕಸಿದುಕೊಳ್ಳುವ ಸಾಮಾನು. ಶ್ರೀರಂಗಪಟ್ಟಣದ ಅಕ್ಕಿ ಗಿರಣಿಗೆ, ಕೆ.ಆರ್. ಪೇಟೆಯ ತೆಂಗಿನ ನಾರಿನ ಯಂತ್ರಕ್ಕೆ, ನಾಗಮಂಗಲದ ಕಡೆಯ ಜಲ್ಲಿ ಕ್ರಷರಿಗೆ ನನ್ನ ಪೆಟ್ಟಿಗೆಗಳು ಹೋಗಿದ್ದವು. ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ಆಟೊಮೇಷನ್ ಕನ್ಸಲ್ಟೆಂಟ್’ ಎಂದು ಬರೆಸಿದ್ದೆ. ಅದನ್ನು ಓದಿ ಒಳಗೆ ಬಂದವರಲ್ಲಿ ಹೆಚ್ಚಿನವರು ಟೇಬಲ್ ಫ್ಯಾನು ರಿಪೇರಿಗೆ ತಂದಿರುತ್ತಿದ್ದರು.

ಈ ಕಸುಬಿನಲ್ಲಿ ಕಷ್ಟದ್ದು ವೈರಿಂಗ್ ಅಲ್ಲ, ಸಾಮಾನಿನ ಆಯ್ಕೆ. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬರುತ್ತಿದ್ದ ಮಾರಾಟಗಾರರು ನುಣುಪು ಕಾಗದದ ಕ್ಯಾಟಲಾಗು ಬಿಚ್ಚಿ, ಮಿದುಳಿರುವ ರಿಲೇಗಳನ್ನೂ ಪಿಎಲ್‌ಸಿ ಎಂಬ ಪುಟ್ಟ ಗಣಕವನ್ನೂ ತೋರಿಸಿ, ಇನ್ನು ಮುಂದೆ ಮನುಷ್ಯನ ಅಗತ್ಯವೇ ಇಲ್ಲ ಎಂದು ಸಾರಿ, ಕೊನೆಯಲ್ಲಿ ಬಸ್‌ಸ್ಟ್ಯಾಂಡಿಗೆ ದಾರಿ ಕೇಳುತ್ತಿದ್ದರು. ನನ್ನದು ಒಂದೇ ಸೂತ್ರ: ಪಾಂಡವಪುರದ ಅಂಗಡಿಯಲ್ಲಿ ಸಿಗದ ಸಾಮಾನನ್ನು ಪ್ಯಾನೆಲ್ಲಿಗೆ ಹಾಕಬಾರದು. ಅದು ಸುಟ್ಟುಹೋದ ದಿನ ಯಾರೂ ಬೆಂಗಳೂರಿಗೆ ಹೋಗುವುದಿಲ್ಲ. ಒಂದು ತುಂಡು ತಂತಿ ತಂದು ಅದರ ಎರಡು ತುದಿಗೂ ಸೇರಿಸಿ ‘ನಡೀತದೆ ಬುಡು’ ಅನ್ನುತ್ತಾರೆ. ನಡೆಯುತ್ತದೆ ಕೂಡ. ಅದೇ ಅದರ ಅಪಾಯ.

ಒಂದು ಬೆಳಿಗ್ಗೆ ಜವರೇಗೌಡ ಎಂಬವರು ಬಂದರು. ತೊಣ್ಣೂರು ಕೆರೆಯ ಆಚೆ ಬದಿಯ ಒಂದು ಹಳ್ಳಿಯವರು. ಐವತ್ತರ ಹತ್ತಿರದ ಗಟ್ಟಿ ಆಳು, ತಮ್ಮನೊಂದಿಗೆ ಸೇರಿ ಆಲೆಮನೆ ನಡೆಸುತ್ತಿದ್ದವರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಚಿ, ಮತ್ತೆ ಹಾಕಿಕೊಂಡು ಹೇಳಿದರು:

“ತಾನಾಗಿ ತಾನು ಸುರುವಾಗ್ದೆ ಇರ ಪೆಟ್ಗೆ ಬೇಕು ಸಾ.”

ನಾನು ನಕ್ಕೆ. ಏಕೆಂದರೆ ಮಿಕ್ಕವರೆಲ್ಲ ಬರುತ್ತಿದ್ದದ್ದು ತಾನಾಗಿ ಸುರುವಾಗುವ ಪೆಟ್ಟಿಗೆಗೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ದೇವರ ಹಾಗೆ. ಇದೆ ಎಂದು ಎಲ್ಲರೂ ನಂಬಿದ್ದರು, ದರ್ಶನ ಮಾತ್ರ ಅದರ ಇಷ್ಟದಂತೆ. ಬಂದಾಗ ರೈತ ಬಾವಿಯ ಹತ್ತಿರ ಇರದಿದ್ದರೆ ಆ ಹೊತ್ತಿನ ನೀರು ಹೋಯಿತು. ಆದ್ದರಿಂದ ಪಂಪಿನ ಸ್ಟಾರ್ಟರಿಗೆ ‘ಆಟೊ’ ಎಂಬ ಸಣ್ಣ ಡಬ್ಬಿ ಸೇರಿಸುತ್ತಿದ್ದರು. ಕರೆಂಟು ಬಂದ ತಕ್ಷಣ ಅದೇ ಹಸಿರು ಗುಂಡಿ ಒತ್ತಿದಂತೆ ಮಾಡಿ ಮೋಟರನ್ನು ಓಡಿಸುತ್ತಿತ್ತು.

“ಗೌಡ್ರೇ, ಅದಕ್ಕೆ ವಿಶೇಷ ಪೆಟ್ಟಿಗೆ ಏನೂ ಬೇಡ,” ಎಂದೆ. “ಎಲ್ಲಾ ಸ್ಟಾರ್ಟರೂ ಹುಟ್ಟಿನಿಂದ ಹಾಗೇ ಇರುತ್ತೆ. ಕರೆಂಟು ಹೋದರೆ ಒಳಗಿನ ಕಾಯಿಲ್ ಕೈ ಬಿಡುತ್ತೆ. ವಾಪಸು ಬಂದರೂ, ಯಾರಾದರೂ ಗುಂಡಿ ಒತ್ತುವವರೆಗೆ ಮೋಟರು ತಿರುಗಲ್ಲ. ನಾವೇ ಆಟೊ ಹಾಕಿ ಆ ಗುಣ ಕೆಡಿಸೋದು.”

ಗೌಡರು ಹೆಗಲಿನ ಟವೆಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಅಂಗಾರೆ ಮೊದ್ಲೇ ಅಂಗೇ ಇತ್ತಾ ಸಾ? ನಾವೇ ಕೆಡ್ಸುದ್ದಾ?”

ನನ್ನ ನಗು ಎಂಥ ಕಡೆ ಹೋಗಿ ಬಿದ್ದಿತ್ತು ಎಂಬುದು ಆಮೇಲೆ ತಿಳಿಯಿತು. ಹಿಂದಿನ ಸುಗ್ಗಿಯಲ್ಲಿ ಅವರ ಗಾಣದ, ಅಂದರೆ ಕಬ್ಬು ಅರೆಯುವ ಯಂತ್ರದ, ಸ್ಟಾರ್ಟರು ಸುಟ್ಟಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಕಬ್ಬು ಕಡಿದು ಬಿದ್ದಿದೆ, ಹೊಸದು ತರಲು ಪುರುಸೊತ್ತಿಲ್ಲ. ಗೌಡರು ಬಾವಿಗೆ ಹೋಗಿ ಪಂಪಿನ ಸ್ಟಾರ್ಟರನ್ನು ಬಿಚ್ಚಿ ತಂದು ಗಾಣಕ್ಕೆ ಕಟ್ಟಿದರು. ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸವೇ. ಎತ್ತನ್ನು ಬಾವಿಯ ಕಪಿಲೆಯಿಂದ ಬಿಚ್ಚಿ ಗಾಡಿಗೆ ಹೂಡಿದ ಹಾಗೆ. ಆದರೆ ಎತ್ತಿಗೆ ತಾನು ಎಲ್ಲಿದ್ದೇನೆಂಬುದು ಗೊತ್ತಿರುತ್ತದೆ. ಪೆಟ್ಟಿಗೆಗೆ ಗೊತ್ತಿರಲಿಲ್ಲ. ಅದರ ಜೊತೆಗೆ ಆಟೊ ಡಬ್ಬಿಯೂ ಬಂತು, ಬಾವಿಯ ಅಭ್ಯಾಸವೂ ಬಂತು.

ಮಧ್ಯಾಹ್ನ ಕರೆಂಟು ಹೋಯಿತು. ಕರೆಂಟು ಹೋದಾಗ ಗಾಣದ ಬಾಯಿ ಬಿಡಿಸುವುದು ಎಲ್ಲ ಆಲೆಮನೆಗಳ ಪದ್ಧತಿ. ಉರುಳೆಗಳ ನಡುವೆ ಸಿಕ್ಕಿಕೊಂಡ ಸಿಪ್ಪೆಯನ್ನು ಕೀಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ತಮ್ಮ ಚಲುವರಾಜ ಕೂತು ಸಿಪ್ಪೆ ಕೀಳುತ್ತಿದ್ದ. ಕರೆಂಟು ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈ ಹತ್ತಿರ ತೆಗೆದರು.

“ಅವತ್ತಿಂದ ನನ್ ಕೂಟೆ ಮಾತಾಡಿಲ್ಲ ಸಾ,” ಎಂದರು ಗೌಡರು. “ಒಂದೇ ಮನೆ, ಒಂದೇ ಒಲೆ. ಏನಾರ ಏಳ್ಬೇಕಾದ್ರೆ ಎಂಡ್ರು ಕೈಲಿ ಏಳುಸ್ತಾನೆ. ಗಾಣ ಕಿತ್ತು ಗುಜ್ರಿಗಾಕು ಅಂತಾನೆ. ಹಾಕ್ಬುಡ್ಬೋದು. ಆಮೇಲೆ ಇಬ್ರೂ ಒಂದ್ ಕಡೆ ನಿಂತ್ಕಳಕೆ ಒಂದ್ ಜಾಗನೂ ಇರಕಿಲ್ಲ.”

ನನ್ನ ಮುಂದಿದ್ದ ಕೆಲಸ ಇದು: ಆ ತಮ್ಮ ಮತ್ತೆ ಗಾಣದ ಹತ್ತಿರ ಬಂದು ನಿಲ್ಲುವಂಥ ಒಂದು ಪೆಟ್ಟಿಗೆ. ಕ್ಯಾಟಲಾಗಿನಲ್ಲಿ ಅಂಥದ್ದಕ್ಕೆ ಪುಟವಿರಲಿಲ್ಲ.

ಹಳ್ಳಿಗೆ ಹೋಗಿ ಅಳತೆ ತೆಗೆದೆ. ಸಾಮಾನು ಆರಿಸುವಾಗ ಜೀವನದಲ್ಲಿ ಅಷ್ಟು ತಡ ಮಾಡಿದ್ದು ಅದೊಂದೇ ಸಲ. ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಕರೆಂಟು ಸೇರಿಸುವ ಮುಖ್ಯ ಸ್ವಿಚ್ಚು, ಬೇಕಾದ್ದಕ್ಕಿಂತ ಒಂದು ಸೈಜು ದೊಡ್ಡದು ತೆಗೆದೆ. ಚಿಕ್ಕದಾದರೆ ಕಿಡಿ ಹಾರಿ ಅದರ ಹಲ್ಲುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಭಯ; ಹಾಗಾದರೆ ಕರೆಂಟು ಬಂದ ತಕ್ಷಣ ಮೋಟರು ತಾನಾಗಿ ತಿರುಗುತ್ತದೆ. ಮೋಟರಿಗೆ ಭಾರ ಹೆಚ್ಚಾದರೆ ಕರೆಂಟು ತಪ್ಪಿಸುವ ಓವರ್‌ಲೋಡ್ ರಿಲೇಯಲ್ಲಿ ತಾನಾಗಿ ಸರಿಹೋಗುವ ಸ್ಥಾನವೊಂದು, ಕೈಯಿಂದ ಒತ್ತಿ ಸರಿಪಡಿಸುವ ಸ್ಥಾನವೊಂದು ಇರುತ್ತದೆ. ಅದನ್ನು ಕೈಯ ಸ್ಥಾನಕ್ಕೆ ತಿರುಗಿಸಿ, ಯಾರೂ ಬದಲಿಸದಂತೆ ಮೇಣ ಹಾಕಿದೆ. ಗಾಣದ ಬಾಯಿಯ ಉದ್ದಕ್ಕೂ ಒಂದು ಹಗ್ಗ. ಎಲ್ಲಿ ಎಳೆದರೂ ಮೋಟರು ನಿಲ್ಲಬೇಕು. ಅಣಬೆಯಂಥ ದೊಡ್ಡ ಕೆಂಪು ಗುಂಡಿಯನ್ನು ಪೆಟ್ಟಿಗೆಯ ಎಡಬದಿಗೆ ಇಟ್ಟೆ. ಎಡಬದಿಗೆ ಏಕೆಂದು ಗೌಡರು ಕೇಳಲಿಲ್ಲ.

ಕೂರಿಸಿದ ದಿನ ಚಲುವರಾಜ ಆಲೆಮನೆಯ ಹೊರಗೆ, ಹುಣಸೆ ಮರದ ಕೆಳಗೆ ನಿಂತಿದ್ದ. ಅಂಗಿಯ ಬಲತೋಳನ್ನು ಮಡಿಚಿ ಪಿನ್ನು ಹಾಕಿಕೊಂಡಿದ್ದ. ನಾನು ಮೇನ್ ಸ್ವಿಚ್ಚು ಆಫ್ ಮಾಡಿ, ಆನ್ ಮಾಡಿ, ಗಾಣ ಸುಮ್ಮನೆ ನಿಂತಿರುವುದನ್ನು ತೋರಿಸಿದೆ. ಅವನು ಹೆಂಡತಿಯ ಕಡೆ ತಿರುಗಿದ.

“ಸಾಕಿ, ಅವುರ್ಗೇಳು. ಕೈಯಾಗೆ ಆಫ್ ಮಾಡಿ ತೋರುಸ್ದ್ರೆ ನಾ ಒಪ್ಪಕಿಲ್ಲ. ಅವತ್ತು ಯಾರೂ ಆಫ್ ಮಾಡಿರ್ಲಿಲ್ಲ. ಕರೆಂಟೇ ಓಗ್ಬೇಕು, ಕರೆಂಟೇ ಬರ್ಬೇಕು.”

ಸಾಕಮ್ಮ ಸೆರಗು ಸರಿಮಾಡಿಕೊಂಡು, “ಭಾವ, ಕೇಳ್ತಲ್ಲ?” ಎಂದಳು. ಅಣ್ಣ ತಮ್ಮಂದಿರ ನಡುವೆ ಇದ್ದದ್ದು ಹತ್ತು ಹೆಜ್ಜೆ ಜಾಗ. ಮಾತು ಆ ಹೆಂಗಸಿನ ಮೂಲಕ ಸುತ್ತಿ ಬರಬೇಕಿತ್ತು.

ಕಾಯಲು ಕೂತೆವು. ಗಾಣ ತಿರುಗುತ್ತಿತ್ತು, ಗೌಡರು ಆಗೊಂದು ಈಗೊಂದು ಕಬ್ಬು ಕೊಡುತ್ತಿದ್ದರು. ವರ್ಷವಿಡೀ ಕೇಳದೆ ಹೋಗುತ್ತಿದ್ದ ಕರೆಂಟು ಆ ದಿನ ಮದುಮಗಳಂತೆ ಕದಲದೆ ಕೂತಿತು. ಹತ್ತು ಗಂಟೆ ಆಯಿತು, ಹನ್ನೆರಡಾಯಿತು, ಒಂದು ಮಿಣುಕೂ ಇಲ್ಲ. ಸುದ್ದಿ ಕೇಳಿ ಜನ ಸೇರಿದರು. ಕುಳ್ಳೇಗೌಡ ಎಂಬ ಮುದುಕರು ಕಬ್ಬಿನ ಹೊರೆಯ ಮೇಲೆ ಆಸೀನರಾಗಿ ಅಪ್ಪಣೆ ಕೊಡಿಸಿದರು:

“ಕರೆಂಟ್ ಓಗ್ಲಿ ಅಂತ ಕಾಯ್ಕಂಡ್ ಕುಂತಿರ ಊರು ಸೀಮೆಗೇ ಇದೊಂದೇ ಕಣ್ರಲಾ. ಒಂದ್ ತೆಂಗಿನ್ಕಾಯಾರ ಒಡೀರಿ, ಓಯ್ತದೇನೋ.”

“ನೀ ಒಸಿ ಹೊತ್ತು ಸುಮ್ಕಿರಜ್ಜ,” ಎಂದರು ಯಾರೋ. “ನಿನ್ ಮಾತ್ಗೆ ಎದುರ್ಕಂಡು ಇನ್ನೂ ಜಾಸ್ತಿ ಬಂದಾತು.”

ಎಲ್ಲರೂ ನಕ್ಕರು. ಇಬ್ಬರು ನಗಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಕರೆಂಟು ಹೋಯಿತು. ಉರುಳೆಗಳು ಅರ್ಧ ಅರೆದ ಕಬ್ಬನ್ನು ಕಚ್ಚಿಕೊಂಡು ನಿಂತವು. ಸುತ್ತಲಿನ ಬಾವಿಗಳ ಪಂಪುಗಳು ಒಮ್ಮೆಗೇ ಬಾಯಿ ಮುಚ್ಚಿದವು. ಇನ್ನು ಅದು ಬರುವುದನ್ನು ಕಾಯುವುದಷ್ಟೇ ಎಂದು ನಾನು ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದೆ. ಕಣ್ಣು ಬಿಟ್ಟು ನೋಡಿದರೆ, ಜವರೇಗೌಡರು ಗಾಣದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬಲಗೈಯನ್ನು ಉರುಳೆಗಳ ನಡುವೆ, ಸಿಪ್ಪೆ ಕೀಳುವವರು ಇಡುವ ಜಾಗದಲ್ಲೇ ಇಟ್ಟಿದ್ದಾರೆ.

“ಗೌಡ್ರೇ, ಕೈ ತೆಗೀರಿ,” ಎಂದೆ.

“ಯಾಕ್ ಸಾ? ನಿಮ್ ಪೆಟ್ಗೆ ಮ್ಯಾಲೆ ನಿಮ್ಗೇ ನಂಬ್ಕೆ ಇಲ್ವಾ?”

ನಂಬಿಕೆ ಇತ್ತು. ಆದರೆ ನಂಬಿಕೆ ಎನ್ನುವುದು ವರ್ಕ್‌ಶಾಪಿನ ಮೇಜಿನ ಮೇಲೆ ಇಟ್ಟುಕೊಳ್ಳುವ ಸಾಮಾನು, ಗಾಣದ ಬಾಯಲ್ಲಲ್ಲ. ಕಾಂಟ್ಯಾಕ್ಟರಿನ ಹಲ್ಲು ಬೆಸೆದುಕೊಂಡಿದ್ದರೆ? ಬೆಳಗಿನಿಂದ ಓಡಿ ಬಿಸಿಯಾಗಿದೆ. ಪೆಟ್ಟಿಗೆಯೊಳಗಿನ ಒಂದೊಂದು ತಂತಿಯೂ ನನ್ನ ಕಣ್ಣ ಮುಂದೆ ಬಂದು, ನನ್ನನ್ನು ಸರಿಯಾಗಿ ಬಿಗಿದಿದ್ದೀಯಾ ಎಂದು ಕೇಳಿತು. ಮೇನ್ ಸ್ವಿಚ್ಚಿನ ಕಡೆ ಓಡಿದೆ.

“ಅದ ಮುಟ್ಬ್ಯಾಡಿ!” ಗೌಡರು ಗದರಿದರು. “ಅದ್ನ ಆಫ್ ಮಾಡುದ್ರೆ ಇನ್ಯಾತ್ರ ಪರೀಕ್ಸೆ? ಅವುನ್ ಕೈ ಇದ್ದ ಜಾಗ ಇದು. ನಾನೂ ಒಸಿ ಹೊತ್ತು ಇಟ್ಕತೀನಿ.”

ಸಾಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕುಳ್ಳೇಗೌಡರು ಕಬ್ಬಿನ ಹೊರೆಯಿಂದ ಕೆಳಗಿಳಿದರು. ಹುಣಸೆ ಮರದ ಕೆಳಗಿನಿಂದ ಚಲುವರಾಜ ಓಡಿ ಬಂದ. ಅಣ್ಣನ ಪಕ್ಕದಲ್ಲಿ ಮಂಡಿಯೂರಿ, ಎಡಗೈಯಿಂದ ಅವರ ಮುಂಗೈ ಹಿಡಿದು ಎಳೆದ. ಗೌಡರದು ಗಾಣ ತಿರುವಿದ ರಟ್ಟೆ. ಒಂದು ಕೈಗೆ ಅದು ಬರಲಿಲ್ಲ.

ಅದೇ ಹೊತ್ತಿಗೆ ಆಲೆಮನೆಯ ಬಲ್ಬು ಹತ್ತಿತು. ನನ್ನ ಕೈ ಇನ್ನೂ ಸ್ವಿಚ್ಚಿಗೆ ತಲುಪಿರಲಿಲ್ಲ. ಸುತ್ತಲ ಗದ್ದೆಗಳಲ್ಲಿ ಪಂಪುಗಳು ಒಂದಾದ ಮೇಲೊಂದು ತಾವಾಗಿ ಗುಡುಗಿದವು, ಕಾಲುವೆಗೆ ನೀರು ಬಿದ್ದ ಸದ್ದು ಕೇಳಿತು. ಗಾಣ ತಿರುಗಲಿಲ್ಲ. ಅದರ ಬಾಯಲ್ಲಿ ಎರಡು ಕೈಗಳಿದ್ದವು; ಒಂದು ಅಣ್ಣನದು, ಅದನ್ನು ಹಿಡಿದದ್ದು ತಮ್ಮನದು.

“ನಿಂದೂ ಓದ್ರೆ ನಂದು ಬತ್ತದಾ?” ಎಂದ ಚಲುವರಾಜ. “ತಗಿಯಣ್ಣ.”

ಎಂಟು ತಿಂಗಳ ಮೇಲೆ ಅವನು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಗೌಡರು ಕೈ ತೆಗೆದರು. ಆಮೇಲೆ ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವರಂತೆ ಮಡಿಲಲ್ಲಿ ಇಟ್ಟುಕೊಂಡು, ಮಗುವಿನ ಹಾಗೆ ಅತ್ತರು. ತಮ್ಮ ಅಳಲಿಲ್ಲ. ಪಕ್ಕದಲ್ಲಿ ಕೂತಿದ್ದ, ಅಷ್ಟೆ.

ಆ ಸುಗ್ಗಿಯಲ್ಲಿ ಗಾಣ ನಡೆಯಿತು. ಪ್ಯಾನೆಲ್ ನೋಡಿ ಬರಲು ಒಮ್ಮೆ ಹೋದಾಗ, ಗೌಡರು ಕಬ್ಬು ಕೊಡುತ್ತಿದ್ದರು. ಚಲುವರಾಜ ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ಎಡಗೈಯನ್ನು ಕೆಂಪು ಗುಂಡಿಯ ಹತ್ತಿರವೇ ಇಟ್ಟುಕೊಂಡು ಕೂತಿದ್ದ. ಕಸುಬಿನ ಅಭಿಮಾನ ನನ್ನ ನಾಲಿಗೆಯನ್ನು ಸುಮ್ಮನಿರಗೊಡಲಿಲ್ಲ.

“ಇದಕ್ಕೆ ಕಾವಲು ಬೇಕಿಲ್ಲ ಚಲುವರಾಜ. ಹಗ್ಗ ಎಳೆದರೆ ತಾನೇ ನಿಲ್ಲುತ್ತೆ.”

“ಗೊತ್ತು ಸಾ. ಪೆಟ್ಗೆಗೆ ನಾ ಬೇಕಿಲ್ಲ.” ದನಿ ತಗ್ಗಿಸಿ ಹೇಳಿದ, “ಅಣ್ಣುಂಗೆ ಬೇಕು. ಕಬ್ಬು ಕೊಡುವಾಗ ಅವುನ್ ಕೈ ನಡುಗ್ತದೆ. ನಾ ಇಲ್ಲಿ ಕುಂತಿದ್ರೆ ಒಸಿ ಕಮ್ಮಿ.”

ಗೌಡರ ಕೈಗಳನ್ನು ನೋಡಿದೆ. ಅವನು ಹೇಳಿದ ಮೇಲೆ ಕಾಣಿಸಿತು. ನಾನು ಆರಿಸಿದ ಯಾವ ಸಾಮಾನಿಗೂ ಅದು ಕಂಡಿರಲಿಲ್ಲ.

ಪ್ಯಾನೆಲ್ ಕಟ್ಟುವವರಿಗೆ ಮೋಟರು ಓಡುವಾಗ ಏನಾಗುತ್ತದೆ ಎಂಬುದನ್ನು ಕಲಿಸುತ್ತಾರೆ. ಅದು ನಿಂತಿರುವಾಗ ಅದರ ಬಾಯಿಯ ಹತ್ತಿರ ಯಾರು ಕೂತಿರುತ್ತಾರೆ ಎಂದು ಮೊದಲು ಕೇಳಬೇಕೆಂಬುದನ್ನು ನಾನು ಕಲಿತದ್ದು ಆ ಆಲೆಮನೆಯಲ್ಲಿ. ಆಟೊ ಬೇಕೆಂದು ಬರುವವರು ಆಮೇಲೂ ಬರುತ್ತಲೇ ಇದ್ದರು; ನೀರಿಲ್ಲದವರಿಗೆ ಇಲ್ಲವೆನ್ನಲು ನಾನು ಯಾರು? ಹಾಕಿಕೊಟ್ಟೆ. ಆದರೆ ಪ್ರತಿ ಪೆಟ್ಟಿಗೆಯನ್ನೂ ಪಂಪ್‌ಹೌಸಿನ ಗೋಡೆಗೆ ಕಬ್ಬಿಣದ ಪಟ್ಟಿ ಕೊಟ್ಟು, ಸಿಮೆಂಟು ಹಾಕಿ, ಸುಲಭಕ್ಕೆ ಬಿಚ್ಚಲು ಬಾರದಂತೆ ಕೂರಿಸಿದೆ. ರಿಪೇರಿಗೆಂದು ಬಿಚ್ಚಲು ಹೋಗಿ ಉಳಿ ಮುರಿದುಕೊಂಡವರು ಅಂಗಡಿಯವರೆಗೂ ಬಂದು ನನ್ನ ಏಳು ತಲೆಮಾರನ್ನು ಬೈದು ಹೋದರು. ಅವರಿಗೆ ಕಾಫಿ ತರಿಸಿಕೊಟ್ಟು, ಪೂರ್ತಿ ಬೈಸಿಕೊಂಡೆ.