ನೆಟ್ಟಗೆ ಇಲ್ಲಿಗೇ ಬಂದವರು

ಬಸ್ಸು ಕೈಕೊಡಬಹುದು. ತುರ್ತು ಚಿಕಿತ್ಸಾ ಘಟಕದ ಸಿಸ್ಟರುಗಳು ನನ್ನನ್ನು ಮೇಲಿನವರು ಬಿಟ್ಟ ಗೂಢಚಾರಿಣಿ ಅಂದುಕೊಳ್ಳಬಹುದು. ರೋಗಿಯ ಕಡೆಯವರು ಇನ್ಶೂರೆನ್ಸಿನವಳು ಅಂತ ಬೈಯಬಹುದು. ಸ್ಟ್ರೆಚರಿನ ಗಾಲಿ ಕಾಲ ಮೇಲೆ ಹತ್ತಬಹುದು. ನಲವತ್ತಾರನೇ ವಯಸ್ಸಿಗೆ ನರ್ಸ್ ಕೆಲಸಕ್ಕೆ ರಜೆ ಹಾಕಿ ಎಂಎಸ್ಸಿ ನರ್ಸಿಂಗ್ ಓದಲು ಹೊರಟವಳು ತಲೆಸುತ್ತಿ ಬಿದ್ದು, ನನ್ನ ಸಂಶೋಧನೆಗೆ ನಾನೇ ರೋಗಿಯಾಗಬಹುದು. ಹೊಳೆನರಸೀಪುರದಿಂದ ಹಾಸನದ ಆಸ್ಪತ್ರೆಗೆ ಹೊರಟ ಮೊದಲ ದಿನ ಬಸ್ಸಿನಲ್ಲಿ ಕೂತು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಗೊರೂರಿನ ಕಡೆ ಸಂಬಂಧಿಕರ ಮದುವೆಗೆ ಹೋದರೂ ನಾನು ಓಆರ್‌ಎಸ್ ಪೊಟ್ಟಣ ಒಯ್ಯುವವಳು.

ನನ್ನ ವಿಷಯ ಸರಳ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತರುವ ಮುಂಚೆ ಮನೆಯವರು ಬೇರೆಲ್ಲಿಗೆ ಕರೆದೊಯ್ದಿದ್ದರು? ರೋಗಿಗೆ ಇಂಜೆಕ್ಷನ್ ಹತ್ತಿ, ಉಸಿರು ಸಮವಾದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತ ಮನೆಯವರ ಒಪ್ಪಿಗೆ ಪಡೆದು, ಸಹಿ ಹಾಕಿಸಿಕೊಂಡು ಕೇಳಬೇಕು.

ಎಲ್ಲರದ್ದೂ ಒಂದೇ ಉತ್ತರ. ಅರಕಲಗೂಡಿನವರದ್ದೂ ಅದೇ, ಚನ್ನರಾಯಪಟ್ಟಣದವರದ್ದೂ ಅದೇ. “ಎಲ್ಲಿಗೂ ಓಗಿಲ್ಲ ಕಣವ್ವ, ನೆಟ್ಟಗೆ ಇಲ್ಲಿಗೇ ಬಂದ್ವಿ.” ಒಬ್ಬನು ಕರೆತಂದಿದ್ದ ತಮ್ಮನ ಪಾದಕ್ಕೆ ಅರೆದು ಮೆತ್ತಿದ ಸೊಪ್ಪು ಇನ್ನೂ ಒಣಗಿರಲಿಲ್ಲ. ಇದೇನಪ್ಪ ಅಂದೆ.

“ಅದಾ ಮೇಡಂ? ತ್ವಾಟದಲ್ಲಿ ಬಿದ್ದಾಗ ಅಂಟ್ಕಂಡದ್ದು.”

ಸೊಪ್ಪು ತಾನೇ ಅರೆದುಕೊಂಡು ಬಂದು ಅಂಟಿಕೊಂಡಿತ್ತು. ಬೆಂಚಿನ ಮೇಲಿದ್ದವರು ಹೊಸಬರಿಗೆ ಪಾಠ ಹೇಳಿಕೊಡುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಡ್ಯೂಟಿ ಸಿಸ್ಟರ್ ಮೇಲೂ ಬಂತು. ಆಕೆ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದಳು.

ನನ್ನ ಗೈಡ್‌ಗೆ ಅನುಮಾನ ಬಂದದ್ದು ನನ್ನ ಮೇಲೆ. ಫಾರ್ಮುಗಳನ್ನು ಇಸ್ಪೀಟಿನಂತೆ ತಿರುವಿ ಹಾಕಿ, “ಎಲ್ಲದರಲ್ಲೂ ಒಂದೇ ಉತ್ತರ ಇದೆಯಲ್ಲ, ಮನೇಲಿ ಫ್ಯಾನ್ ಕೆಳಗೆ ಕೂತು ತುಂಬಿದ್ರಾ?” ಅಂದರು. ಇದು ಹೀಗೇ ಇದ್ದರೆ ಪ್ರಬಂಧ ಒಪ್ಪಲಾರೆ, ವರ್ಷ ಹೋಗುತ್ತದೆ ಎಂದೂ ಹೇಳಿದರು. ನನಗೆ ಇನ್ನೊಂದು ವರ್ಷ ರಜೆ ಸಿಗುವುದಿಲ್ಲ. ವರ್ಷ ಹೋದರೆ ಓದೂ ಹೋದಂತೆ.

ಮರುದಿನ ಮೊಸಳೆ ಎಂಬ ಊರಿನ ಕಡೆಯ ಅಜ್ಜಿಯೊಬ್ಬರು ಸೊಸೆಯನ್ನು ಕರೆತಂದಿದ್ದರು. ಸಹಿ ಮಾಡಿದರು, ನೆಟ್ಟಗೆ ಬಂದ್ವಿ ಅಂದರು. ನಾನು ಸೋತು, ಕಾಗದಗಳನ್ನೆಲ್ಲ ಬ್ಯಾಗಿಗೆ ತುರುಕಿ ಅವರ ಪಕ್ಕದಲ್ಲೇ ಕುಸಿದೆ. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚುತ್ತಾ ಯಾವೂರು, ಎಷ್ಟು ಮಕ್ಕಳು ಎಂದೆಲ್ಲ ವಿಚಾರಿಸಿದರು. ಆಮೇಲೆ ತಾವಾಗಿಯೇ, “ಆ ಬೇರು ಕೊಡೋನು ಮನೇಲಿದ್ದಿದ್ರೆ ಇಷ್ಟೊತ್ತಾಯ್ತಿರ್ಲಿಲ್ಲ. ಅವ್ನು ಗದ್ದೆಯಿಂದ ಬರೋಗಂಟ ಕಾದ್ವಿ” ಅಂದರು.

“ಅಜ್ಜಿ, ಈಗಷ್ಟೇ ನೆಟ್ಟಗೆ ಬಂದ್ವಿ ಅಂದ್ರಲ್ಲ?”

“ಅದು ರುಜು ಆಕಿದ್ ಪೇಪರಿಗೆ. ಇದು ನಿಂಗೆ.”

“ನಿಜ ಬರೆದರೆ ಯಾರೂ ಏನೂ ಮಾಡಲ್ಲ ಅಜ್ಜಿ.”

“ನಮ್ಮಾವ ಅಂಗೇ ನಂಬಿ ರುಜು ಆಕಿ ಎರಡ್ ಗುಂಟೆ ಕಳ್ಕಂಡ. ರುಜು ಆಕಿದ್ಮ್ಯಾಕೆ ಯಾವಳಾರ ನಿಜ ಯೋಳ್ತಳಾ? ಓದ್ದೋಳು ನೀನು.”

ಬರೆದುಕೊಳ್ಳಲೇ ಎಂದು ಕೇಳಿದೆ. ಅಜ್ಜಿ ಸುಣ್ಣದ ಬೆರಳನ್ನು ಎಲೆಗೆ ಒರೆಸಿದರು. “ಬರ್ಕೋ. ನನ್ ರುಜು ಇರೋ ತಾವು ಮಾತ್ರ ಬ್ಯಾಡ.”

ಗೈಡ್ ನನ್ನಿಂದ ಅಜ್ಜಿಯ ಮಾತು ಕೇಳಿ ನನ್ನ ಮುಖ ನೋಡಿದರು. ಇದೂ ಫ್ಯಾನಿನ ಕೆಳಗೇ ಹುಟ್ಟಿದ ಕತೆಯಿರಬೇಕು ಎಂಬ ನೋಟ. ಕೊನೆಗೆ, ಹಳೆಯದನ್ನೆಲ್ಲ ಬಿಡಿ, ಹೊಸಬರನ್ನು ಮೊದಲಿನಿಂದ ಕೇಳಿಕೊಂಡು ಬನ್ನಿ, ಆರು ವಾರ ಕೊಡುತ್ತೇನೆ ಎಂದರು.

ಆ ಸಂಜೆ ಹಳೆಯ ಫಾರ್ಮುಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬೆಂಚಿನವರು ಯಾರಿಗೂ ಪಾಠ ಹೇಳಿಕೊಟ್ಟಿರಲಿಲ್ಲ. ಸಿಸ್ಟರ್ ಮಾತು ನಿಲ್ಲಿಸುತ್ತಿದ್ದದ್ದು ಏಕೆಂದು ಇಂದಿಗೂ ಗೊತ್ತಿಲ್ಲ, ಅದು ಬೇರೆ. ನನ್ನಿಂದ ಆದ ತಪ್ಪು ಇಷ್ಟೇ: ಎಲ್ಲಾದರೂ ಕಳೆದುಹೋದೀತೆಂದು, ಸಹಿಯ ಹಾಳೆಯನ್ನು ಪ್ರಶ್ನೆಯ ಹಾಳೆಯ ಮೇಲಿಟ್ಟು ಎರಡೆರಡು ಪಿನ್ ಹೊಡೆದಿದ್ದೆ.