ಸಾಧ್ವಿಯ ಹೊಸ ಹಲ್ಲು

ನಾನು ಹಲ್ಲಿನ ವೈದ್ಯನಲ್ಲ. ವೈದ್ಯರು ಹಲ್ಲು ಕಿತ್ತ ಜಾಗಕ್ಕೆ ಬೇರೆ ಹಲ್ಲು ಕಟ್ಟಿಕೊಡುವವನು. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಕ್ಲಿನಿಕ್ಕಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಕೂತು ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುತ್ತೇನೆ. ನಮ್ಮ ಪೇಟೆಯ ವಯಸ್ಸಾದವರಲ್ಲಿ ಅರ್ಧ ಜನ ನಾನು ಕಟ್ಟಿದ ಹಲ್ಲಿನಿಂದಲೇ ನಗುತ್ತಾರೆ. ನನ್ನನ್ನು ನೋಡಿಯೂ ನಗುತ್ತಾರೆ, ಅದಕ್ಕೆ ಕಾರಣ ಬೇರೆ.

ನಾನು ಜೇಡ ಸಾಕಿದ್ದೇನೆ. ಗೋಡೆಯ ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡವಲ್ಲ, ಅಂಗೈ ತುಂಬುವ, ಮೈಯೆಲ್ಲ ಕೂದಲಿರುವ ಟರಾಂಟುಲಾ. ಮನೆಯ ಹಿಂಗೋಣೆಯಲ್ಲಿ ಗಾಜಿನ ಪೆಟ್ಟಿಗೆಗಳ ಸಾಲೇ ಇದೆ. ಅದರಲ್ಲಿ ಇಬ್ಬರು ಮುಖ್ಯ: ಒಬ್ಬಳು ಸಿಡುಕಿ, ಇನ್ನೊಬ್ಬಳು ಸಾಧ್ವಿ. ಹೆಸರಿಟ್ಟವಳು ನನ್ನ ಹೆಂಡತಿ.

ಸಿಡುಕಿ ದಕ್ಷಿಣ ಅಮೆರಿಕದ ಮೂಲದವಳು. ಪೆಟ್ಟಿಗೆಯ ಮುಚ್ಚಳಕ್ಕೆ ಬೆರಳು ತಾಗಿದರೆ ಸಾಕು, ಮುಂಗಾಲೆತ್ತಿ ನಿಲ್ಲುತ್ತಾಳೆ. ಅದಕ್ಕೂ ಬಗ್ಗದಿದ್ದರೆ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಕೂದಲನ್ನು ಕೆರೆದು ಗಾಳಿಗೆ ತೂರುತ್ತಾಳೆ. ಅದು ಮೈಗೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆ. ಆದರೆ ಕಚ್ಚಿದರೆ ಜೇನ್ನೊಣ ಕುಟುಕಿದಷ್ಟೇ. ಸಾಧ್ವಿ ಏಷ್ಯಾದ ಮರದ ಪೊಟರೆಗಳಲ್ಲಿ ಬದುಕುವ ಜಾತಿಯವಳು. ಆ ಜಾತಿಗೆ ತೂರಲು ಕೂದಲಿಲ್ಲ, ಇರುವುದು ಹಲ್ಲು ಮತ್ತು ವಿಷ. ಇವಳು ಮುಂಗಾಲೆತ್ತಿದ್ದನ್ನು ನಾನು ಕಂಡೇ ಇಲ್ಲ. ಮನುಷ್ಯರ ನೆರಳು ಬಿದ್ದರೆ ಸುಮ್ಮನೆ ತೊಗಟೆಯ ಹಿಂದೆ ಸರಿದುಬಿಡುತ್ತಾಳೆ. ಸರಿಯಲು ದಾರಿ ಇಲ್ಲದಾಗ ಮಾತ್ರ ಕಚ್ಚುವ ಜಾತಿ. ಕಚ್ಚಿದರೆ ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಮಾಂಸಖಂಡ ಹಿಡಿದುಕೊಂಡು ದಿನಗಟ್ಟಲೆ ಗೋಳು ಹೊಯ್ದುಕೊಳ್ಳುತ್ತದೆ.

ಮನೆಗೆ ಯಾರೇ ಬರಲಿ, ಅವರನ್ನು ಪೆಟ್ಟಿಗೆಗಳ ಮುಂದೆ ನಿಲ್ಲಿಸಿ ಉಪದೇಶ ಮಾಡುವುದು ನನ್ನ ಚಾಳಿ.

"ಸಿಟ್ಟೇ ಬೇರೆ, ವಿಷವೇ ಬೇರೆ. ಕುಣಿಯೋರನ್ನ ಕಂಡು ಹೆದರ್ಬೇಡಿ, ಸುಮ್ಮನಿರೋರ ಹತ್ರ ಸದರ ತಗೋಬೇಡಿ."

"ನೀವು ಯಾವ ಜಾತಿ ಅನ್ನೋದನ್ನೂ ಹೇಳಿಬಿಡಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ಸೇರಿಸುತ್ತಾಳೆ.

ಹೇಳುವ ಅಗತ್ಯವಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಮೇಣ ಬೇಗ ಆರಿದರೂ ಕೂಗಾಡುತ್ತೇನೆ, ಆರದಿದ್ದರೂ ಕೂಗಾಡುತ್ತೇನೆ. ಮನೆಯಲ್ಲಿ ಯಾರೂ ತಲೆ ಎತ್ತಿ ಕೂಡ ನೋಡುವುದಿಲ್ಲ. ಬೀದಿಯ ಬೆಕ್ಕು ಸಹ ನನ್ನ ಕೂಗಿಗೆ ಮೈಮುರಿದು ಮಗ್ಗಲು ಬದಲಿಸುತ್ತದೆ.

ಇನ್ನು ನನ್ನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಇವಳೇ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಕೂಗುವುದು ಅವಳ ಕೆಲಸ. ಅವಳ ದನಿ ಕೇಳಿದರೆ ಓಡುತ್ತಿದ್ದವರೂ ನಿಂತು ಕಿವಿಗೊಡುತ್ತಾರೆ. ಅದೇ ಅಕ್ಕ ಮನೆಯಲ್ಲಿ ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಯಾರನ್ನೂ ಕೇಳದೆ ತಾನೇ ಎದ್ದು ಹೋಗಿ ತರುತ್ತಾಳೆ.

ಅವಳ ವಸಡು ಕೆಟ್ಟು ಮೇಲಿನ ಹಲ್ಲುಗಳೆಲ್ಲ ಹೋದವು. ಮೈಕಿನ ಮುಂದೆ ಮಾತಿಗಿಂತ ಗಾಳಿಯೇ ಹೆಚ್ಚು ಬರತೊಡಗಿತು. ಗಂಟಲು ಕೆಟ್ಟಿದೆ ಎಂದು ಹೇಳಿ ರಜೆ ಹಾಕಿದಳು. ವೈದ್ಯರು ವಸಡು ಮಾಯುವವರೆಗೆ ಕಾದು ಅಚ್ಚು ತೆಗೆದು ನನಗೆ ಕೊಟ್ಟರು.

"ಬಿಡುವಾದಾಗ ಕಟ್ಟಿಕೊಡೋ, ಅವಸರ ಇಲ್ಲ," ಎಂದಳು ಅಕ್ಕ.

ನಾನು ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಆ ಹೊತ್ತಿಗೆ ಜವಳಿ ಅಂಗಡಿಯ ಯಜಮಾನರ ಹಲ್ಲಿನ ಸೆಟ್ಟು ಕೈಯಲ್ಲಿತ್ತು. ಅವರು ದಿನವೂ ಬಂದು ಹಲ್ಲು ಸಾಕಷ್ಟು ಬೆಳ್ಳಗಿಲ್ಲವೆಂದು ಕೋಣೆಯ ಬಾಗಿಲಲ್ಲಿ ನಿಂತು ಗುಡುಗುತ್ತಿದ್ದರು. ನಾನೂ ತಿರುಗಿ ಗುಡುಗುತ್ತಿದ್ದೆ, ಅವರು ಹೋದ ಮೇಲೆ ತೆಪ್ಪಗೆ ಕೂತು ಅವರ ಹಲ್ಲನ್ನೇ ಮತ್ತೆ ಮಾಡುತ್ತಿದ್ದೆ. ಅಳುವ ಮಗುವಿಗೇ ಹಾಲು. ಅಕ್ಕನ ಅಚ್ಚು ಕಪಾಟಿನ ಮೇಲೆ ಧೂಳು ತಿನ್ನುತ್ತ ಕೂತಿತು. ಊರಿಗೆಲ್ಲ ಹಲ್ಲು ಕಟ್ಟುವವನ ಅಕ್ಕ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಗೆ ಎಣ್ಣೆ ಹೊಯ್ದವನು ನಾನು.

ಒಂದು ದಿನ ಅಕ್ಕ ಅದೇ ಮೆಲುದನಿಯಲ್ಲಿ ಹೇಳಿದಳು: "ಸೋಮವಾರ ದೊಡ್ಡ ಅಧಿಕಾರಿ ಬರ್ತಾರಂತೆ. ನನ್ನ ದನಿ ಕೇಳಿ ನೋಡ್ತಾರಂತೆ. ಸರಿಬರ್ಲಿಲ್ಲ ಅಂದ್ರೆ ಇನ್ಮುಂದೆ ರೆಕಾರ್ಡು ಹಾಕ್ತಾರೆ, ನನ್ನನ್ನ ಲಗೇಜು ಕೋಣೆಗೆ ಕಳಿಸ್ತಾರೆ."

"ಆಗುತ್ತೆ ಬಿಡಕ್ಕಾ," ಎಂದೆ. ಯಜಮಾನರ ಹಲ್ಲಿಗೆ ಹೊಳಪು ಕೊಡುವುದೊಂದು ಬಾಕಿಯಿತ್ತು.

ಶುಕ್ರವಾರ ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ನಾನು ಹಿಂಗೋಣೆಯಲ್ಲಿ ಜೇಡಗಳಿಗೆ ನೀರಿಡುತ್ತಿದ್ದೆ. ಅವಳು ಸ್ಟೂಲಿನ ಮೇಲೆ ಕೂತು, "ಮೇಣದಲ್ಲಿ ಕೂರಿಸಿ ಬಾಯಿಗಿಟ್ಟು ನೋಡ್ತಾರಲ್ಲ, ಅದು ನಾಳೇನಾ?" ಎಂದಳು. ನಾನು ಇನ್ನೂ ಮೇಣವನ್ನೇ ಕರಗಿಸಿರಲಿಲ್ಲ. ಏನಾದರೂ ಹೇಳಿ ಮಾತು ಮರೆಸಬೇಕಿತ್ತು.

"ಅಕ್ಕಾ, ಇಲ್ನೋಡು. ಸಾಧ್ವಿ ಪೊರೆ ಕಳಚಿದ್ದಾಳೆ. ಹಳೇ ಹಲ್ಲು ಆ ಪೊರೆಯಲ್ಲೇ ಉಳಿದಿರುತ್ತೆ. ಹೊಸ ಹಲ್ಲು ತಾನಾಗೇ ಬರುತ್ತೆ, ಯಾರೂ ಕಟ್ಟಿಕೊಡ್ಬೇಕಾಗಿಲ್ಲ!"

ಅಕ್ಕ ಗಾಜಿನೊಳಗೆ ಇಣುಕಿದಳು. "ಪಾಪ, ಅವಳಿಗೆ ತಮ್ಮ ಇಲ್ಲ ಅನ್ಸುತ್ತೆ," ಎಂದಳು.

ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಎಂದಿನ ದನಿ. ನನಗೆ ಎದೆಯಲ್ಲಿ ಚುರ್ ಎಂದಿತು. ಚುರ್ ಎಂದಾಗ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಕೂಗಾಡುವುದು. "ನಾನೇನು ಸುಮ್ಮನೆ ಕೂತಿದ್ದೀನಾ? ಒಂದೇ ಕೈಯಲ್ಲಿ ಎಷ್ಟು ಬಾಯಿ ಅಂತ ನೋಡ್ಲಿ? ಇರು, ಆ ಹಳೇ ಹಲ್ಲು ತೆಗೆದು ತೋರಿಸ್ತೀನಿ, ಹಲ್ಲು ಅಂದ್ರೆ ಎಷ್ಟು ನಾಜೂಕು ಅಂತ ಗೊತ್ತಾಗುತ್ತೆ!" ಎನ್ನುತ್ತ ಮುಚ್ಚಳ ತೆಗೆದೆ.

"ರೀ, ಉದ್ದ ಚಿಮ್ಮಟ ತಗೊಳ್ಳಿ," ಎಂದಳು ಬಾಗಿಲಿಗೆ ಬಂದು ನಿಂತ ಹೆಂಡತಿ.

"ಬೇಡ. ಅವಳ ಹೊಸ ಹಲ್ಲು ಇನ್ನೂ ಮೆತ್ತಗಿದೆ. ಚುಚ್ಚೋದೇ ಇಲ್ಲ."

ಇದು ಸುಳ್ಳಲ್ಲ. ಪೊರೆ ಕಳಚಿದ ದಿನ ಜೇಡದ ಹಲ್ಲು ಹಾಲಿನ ಬಣ್ಣಕ್ಕಿರುತ್ತದೆ, ಮೇಣದಂತೆ ಮೆತ್ತಗಿರುತ್ತದೆ. ಆಮೇಲೆ ಕೆಂಪಾಗಿ, ಕಪ್ಪಾಗಿ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಮೇಣದ ಹಲ್ಲು ಕಚ್ಚುವುದಿಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ. ಆ ಪಾಠವನ್ನೇ ಜೇಡದ ಬಾಯಿಗೂ ಅನ್ವಯಿಸಿದೆ. ಮರೆತದ್ದು ಒಂದೇ. ಅವಳ ಹಲ್ಲು ಬೆಳ್ಳಗಿದ್ದುದನ್ನು ನೋಡಿದ ಮೇಲೆ ನಾನು ಯಜಮಾನರ ಸೆಟ್ಟನ್ನು ಎರಡು ಬಾರಿ ಬಿಚ್ಚಿ ಕಟ್ಟಿದ್ದೆ, ಎಂದರೆ ದಿನಗಳೇ ಉರುಳಿದ್ದವು. ಅಕ್ಕನ ಅಚ್ಚು ಕಪಾಟಿನ ಮೇಲೆ ಕಾದು ಕೂತಂತೆ ಸಾಧ್ವಿಯ ಹಲ್ಲೂ ನನ್ನ ಬಿಡುವಿಗಾಗಿ ಕಾದು ಕೂತಿರುತ್ತದೆ ಎಂದುಕೊಂಡಿದ್ದೆ. ಜೇಡಕ್ಕೆ ಅಂಥ ದಾಕ್ಷಿಣ್ಯವಿಲ್ಲ.

ಪೊರೆ ತೊಗಟೆಯ ಸಂದಿಯಲ್ಲಿತ್ತು. ಅವಳೂ ಅದರ ಹಿಂದೆಯೇ ಇದ್ದಳು. ನನ್ನ ಬೆರಳುಗಳು ಅವಳಿಗಿದ್ದ ಒಂದೇ ದಾರಿಯನ್ನು ಮುಚ್ಚಿದವು. ಬಲಗೈ ಹೆಬ್ಬೆರಳಿನ ಬುಡಕ್ಕೆ ಎರಡು ಬಿಸಿ ಸೂಜಿ ಇಳಿದವು.

ನಾನು ಕಿರುಚಿದ್ದಕ್ಕೆ ಪಕ್ಕದ ಪೆಟ್ಟಿಗೆಯ ಸಿಡುಕಿಯೂ ಮುಂಗಾಲೆತ್ತಿ ನಿಂತಳಂತೆ. ಮುಚ್ಚಳ ಹಾಕಿದ್ದು ಅಕ್ಕ, ಆಸ್ಪತ್ರೆಗೆ ಕರೆದೊಯ್ದದ್ದು ಅಕ್ಕ. ನಾನು ದಾರಿಯುದ್ದಕ್ಕೂ ಜೇಡಕ್ಕೆ, ಆಟೋದವನಿಗೆ, ರಸ್ತೆಯ ಗುಂಡಿಗಳಿಗೆ ಬೈಯುತ್ತಿದ್ದೆ. ಪ್ರಾಣಕ್ಕೇನೂ ಇಲ್ಲ, ಕೈ ಹಿಡಿದುಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ ಎಂದರು ಡಾಕ್ಟರು. ಪಟ್ಟಿ ಕಟ್ಟುತ್ತಿದ್ದ ನರ್ಸು, "ನೀವು ಹಲ್ಲು ಕಟ್ಟೋರಲ್ವಾ? ಹಲ್ಲಿನ ವಿಷಯ ನಿಮಗೇ ಗೊತ್ತಿರ್ಬೇಕಿತ್ತು," ಎಂದಳು. ಅವಳ ತಂದೆಯ ಹಲ್ಲು ಕಟ್ಟಿದವನೂ ನಾನೇ.

ಶನಿವಾರ ಹೆಂಡತಿಯನ್ನೂ ಅಕ್ಕನನ್ನೂ ಕರೆದುಕೊಂಡು ಕ್ಲಿನಿಕ್ಕಿನ ಕೋಣೆಗೆ ಹೋಗಿ ಅಕ್ಕನ ಅಚ್ಚಿನ ಧೂಳು ಒರೆಸಿದೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಮೊದಲ ಹಲ್ಲು ಎತ್ತಿಕೊಳ್ಳುವಷ್ಟರಲ್ಲಿ ಕೈ ಕಟ್ಟಿಗೆಯಂತೆ ಬಿಗಿದು ಹಲ್ಲು ಮೇಜಿನ ಕೆಳಗೆ ಬಿತ್ತು. ಊರಲ್ಲಿ ಹಲ್ಲು ಕಟ್ಟುವವನು ಇನ್ನೊಬ್ಬನಿಲ್ಲ. ಈ ಕೈ ಸೋತರೆ ಸೋಮವಾರ ಅಕ್ಕನ ಜಾಗದಲ್ಲಿ ರೆಕಾರ್ಡು ಕೂಗುತ್ತದೆ, ಅಕ್ಕ ಲಗೇಜು ಕೋಣೆಯಲ್ಲಿ ಚೀಟಿ ಅಂಟಿಸುತ್ತಾಳೆ. ನಾನು ಕೈಗೆ ಬೈದೆ, ಮೇಣಕ್ಕೆ ಬೈದೆ, ಹಲ್ಲು ಹುಡುಕಿ ಕೊಟ್ಟ ಹೆಂಡತಿಗೂ ಬೈದೆ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದಳು ಅವಳು. "ಸುಮ್ಮನಿರೋರ ಹತ್ರ ಸದರ ತಗೋಬೇಡಿ ಅಂತ ಊರಿಗೆಲ್ಲ ಹೇಳಿದ್ದೇ ಹೇಳಿದ್ದು."

ಅಕ್ಕ ಎದುರಿಗೆ ಕೂತು, ಬಿಸಿನೀರಲ್ಲಿ ಅದ್ದಿದ ಟವೆಲ್ಲನ್ನು ನನ್ನ ಕೈಗೆ ಸುತ್ತಿ, ಎರಡೂ ಕೈಯಿಂದ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಸೆಳೆತ ಬಿಟ್ಟಾಗ ಒಂದು ಹಲ್ಲು ನಿಲ್ಲಿಸುವುದು, ಬಂದಾಗ ಇಬ್ಬರೂ ಕಾಯುವುದು. ಹೀಗೇ ಮಧ್ಯಾಹ್ನ ಕಳೆಯಿತು.

"ಅಕ್ಕಾ, ನೀನು ಒಂದ್ಸಲ ಜೋರಾಗಿ ಕೇಳಿದ್ರೆ ಯಾವತ್ತೋ ಕಟ್ಟಿಕೊಡ್ತಿದ್ದೆ," ಎಂದೆ. ತಪ್ಪನ್ನು ಅವಳ ತಲೆಗೆ ಕಟ್ಟುವ ಕೊನೆಯ ಪ್ರಯತ್ನ.

"ದಿನಾ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀನಲ್ಲೋ. ತಮ್ಮನ ಹತ್ರಾನೂ ಮೈಕು ಹಿಡ್ಕೊಂಡೇ ಬರ್ಬೇಕಾ?"

ನನಗೆ ಅಳು ಬಂತು. ಕೈ ನೋಯುತ್ತಿದೆ ಎಂದೆ. "ನೋಯುತ್ತೆ, ನೋಯುತ್ತೆ," ಎಂದು ಅವಳು ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಭಾನುವಾರ ಮೇಣದ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ಕು ತುಂಬಿ, ಸೆಟ್ಟನ್ನು ಬಿಸಿನೀರಲ್ಲಿ ಬೇಯಿಸಿ ಗಟ್ಟಿ ಮಾಡಿದ್ದಾಯಿತು. ಹೊಳಪು ಕೊಟ್ಟವಳು ಹೆಂಡತಿ, ಪಕ್ಕದಲ್ಲಿ ನಿಂತು ಅರಚಿದವನು ನಾನು. ಸಂಜೆ ವೈದ್ಯರು ಬಂದು ಅಕ್ಕನ ಬಾಯಿಗೆ ಕೂರಿಸಿದರು. ಬಲಗಡೆಯ ಒಂದು ಹಲ್ಲು ಸಾಲು ಬಿಟ್ಟು ತುಸು ಮುಂದೆ ನಿಂತಿತ್ತು. ಸೆಳೆತ ಬಂದಾಗ ಕೈ ಜಾರಿದ ಗುರುತು. ಆಮೇಲೆ ಬೇರೆ ಕಟ್ಟಿಕೊಡುತ್ತೇನೆ ಎಂದೆ. ಬೇಡ ಎಂದಳು. ರಾತ್ರಿ ನಮ್ಮ ಮನೆಯಲ್ಲೇ ಉಳಿದು, ಮಲಗುವವರೆಗೂ ಬಸ್ಸು ಹೋಗುವ ಊರುಗಳ ಹೆಸರನ್ನು ಒಂದೊಂದಾಗಿ ಹೇಳಿ ಅಭ್ಯಾಸ ಮಾಡಿದಳು. ಮೊದಮೊದಲು ತೊದಲುತ್ತಿದ್ದ ಊರುಗಳು ನಿಧಾನಕ್ಕೆ ಸರಿಹೋದವು.

ಸೋಮವಾರ ನಾನೂ ನಿಲ್ದಾಣಕ್ಕೆ ಹೋದೆ. ನಾನು ಬಂದದ್ದು ಗೊತ್ತಾದರೆ ಅವಳಿಗೆ ಗಾಬರಿಯಾದೀತೆಂದು ದಪ್ಪ ಕಂಬವೊಂದರ ಹಿಂದೆ ನಿಂತೆ. ಮೇಲಿನ ಗಾಜಿನ ಕೋಣೆಯಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತ ಅಧಿಕಾರಿ. ಮೈಕು ಒಮ್ಮೆ ಕೊರ್ ಎಂದಿತು. ನನ್ನ ಕೈ ಆಗಲೇ ಹಿಡಿದುಕೊಳ್ಳಬೇಕೇ!

"ಪ್ರಯಾಣಿಕರ ಗಮನಕ್ಕೆ," ಎಂದಳು ಅಕ್ಕ. ಓಡುತ್ತಿದ್ದವರು ನಿಂತರು. ಬಸ್ಸುಗಳು, ಊರುಗಳು, ಹೊರಡುವ ಹೊತ್ತು, ಎಲ್ಲವೂ ಒಂದಾದ ಮೇಲೊಂದು ಸ್ಪಷ್ಟವಾಗಿ ಬಂದವು. ಎಲ್ಲೂ ಗಾಳಿಯಿಲ್ಲ. ಅಧಿಕಾರಿ ತಲೆಯಾಡಿಸಿ, ಅಕ್ಕನ ಕೈಕುಲುಕಿ, ಮೆಟ್ಟಿಲಿಳಿದು ಹೊರಟುಹೋದರು. ನಾನು ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡೆ. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ.

ಮೈಕು ಮತ್ತೆ ಕೊರ್ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಕಂಬದ ಹಿಂದೆ ಮಗುವೊಂದು ಒಂಟಿಯಾಗಿ ಅಳುತ್ತಾ ನಿಂತಿದೆ. ವಯಸ್ಸು ಐವತ್ತು ದಾಟಿದೆ, ಬಲಗೈಗೆ ಪಟ್ಟಿ ಕಟ್ಟಿದೆ. ಕಂಡವರು ದಯವಿಟ್ಟು ಮೇಲಿನ ಕೋಣೆಯಲ್ಲಿರುವ ಅದರ ಅಕ್ಕನ ಬಳಿಗೆ ಕಳಿಸಿಕೊಡಬೇಕು. ಮಗು ಕೂಗಾಡುತ್ತದೆ, ಆದರೆ ಕಚ್ಚುವುದಿಲ್ಲ. ಯಾರೂ ಹೆದರಬೇಕಾಗಿಲ್ಲ."